ಭಾನುವಾರದ ಪಂದ್ಯಕ್ಕೆ ಮುಂಚೆ

ಕೊಟ್ಟೂರು
೨೫-೭-೨೦೦೨, ಗುರುವಾರ ಬೆಳಿಗ್ಗೆ

ಪ್ರೀತಿಯ ಪ್ರವೀಣಾ,

ನಿನ್ನ ಅಜ್ಜಿ ನಾಗಲಿಂಗಮ್ಮ ಪಕ್ಕದಲ್ಲಿ ಕೂತು ನಿನ್ನ ತಲೆ ಸವರುತ್ತಿದ್ದಾಳೆ ಅಂದುಕೊಂಡು ಇದನ್ನು ಓದು. ಹೇಗಿದ್ದೀಯ? ಮಡಗಾವಿನಲ್ಲಿ ಹದಿನೈದು ದಿನದಿಂದ ಮಳೆ ಹಿಡಿದುಕೊಂಡಿದೆ ಅಂತ ಪೇಪರಿನಲ್ಲಿ ಓದಿದೆ. ತಲೆ ಒರೆಸಿಕೊಳ್ಳುತ್ತೀಯೋ, ಇಲ್ಲಾ ಚಿಕ್ಕವನಿದ್ದಾಗಿನ ಹಾಗೆ ಕೂದಲಿಂದ ನೀರು ಸುರಿಯುತ್ತಿದ್ದರೂ ಊಟಕ್ಕೆ ಕೂತುಬಿಡುತ್ತೀಯೋ? ಹೊಟ್ಟೆ ಹೇಗಿದೆ? ಮೊದಲ ತಿಂಗಳು ಮೀನಿನ ವಾಸನೆಗೆ ಬರೀ ಮೊಸರನ್ನ ಉಂಡೆ ಅಂದಿದ್ದೆ, ಈಗ ನಿನಗೆ ಬೇರೆ ಪಲ್ಯ ಮಾಡಿಕೊಡುತ್ತಾರೋ? ಹೋದ ಸಲ ಕಳಿಸಿದ ಶೇಂಗಾ ಚಟ್ನಿಪುಡಿಯಲ್ಲಿ ಅರ್ಧ ನಿನ್ನ ಕೋಣೆಯ ಗೆಳೆಯರ ಪಾಲಾಗಿರುತ್ತದೆ. ಅದಕ್ಕೇ ಈ ಸಲ ಎರಡು ಡಬ್ಬಿ ಕಟ್ಟಿಟ್ಟಿದ್ದೇನೆ, ಒಂದನ್ನು ಬಚ್ಚಿಟ್ಟುಕೋ. ನಿನ್ನೆ ಕಡ್ಲಿಗಡಬಿನ ಹುಣ್ಣಿಮೆ. ಕಡುಬು ಕಳಿಸಬೇಕೆಂದಿದ್ದೆ, ಲಾರಿಯಲ್ಲಿ ಹಳಸುತ್ತವೆ ಅಂತ ನಿನ್ನ ಅವ್ವ ಬೇಡ ಅಂದಳು. ಮೊಣಕಾಲು, ಸೊಂಟ, ಬಲಭುಜ ಎಲ್ಲ ಸರಿಯಾಗಿವೆ ತಾನೇ? ಎಡಗೈ ಹೇಗಿದೆ? ಕೊನೆಗೆ ಕೇಳಿದೆ ಅಂತ ಅದನ್ನು ಹಗುರಾಗಿ ತೆಗೆದುಕೊಳ್ಳಬೇಡ. ಈ ಕಾಗದ ಬರೆಯುತ್ತಿರುವುದೇ ಆ ಕೈಯ ಸಲುವಾಗಿ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅವ್ವನ ಕೆಮ್ಮು ಕಡಿಮೆಯಾಗಿದೆ. ನಿನ್ನ ಅಪ್ಪ ಶಿವಯೋಗಪ್ಪನ ಹಿಟ್ಟಿನ ಗಿರಣಿಗೆ ಹೊಸ ಮೋಟಾರು ಬಂದಿದೆ, ಅದರ ಸದ್ದಿಗೆ ಪಕ್ಕದ ಮನೆಯ ಓಬಮ್ಮ ದಿನಕ್ಕೆರಡು ಸಲ ಜಗಳಕ್ಕೆ ಬರುತ್ತಾಳೆ, ಬಂದವಳು ಚಹಾ ಕುಡಿದು ಹೋಗುತ್ತಾಳೆ. ನನಗೆ ಎಪ್ಪತ್ತೊಂದು ತುಂಬಿತು. ಎಡಗಣ್ಣಿಗೆ ಪೊರೆ ಬಂದಿದೆ ಅಂತಾರೆ. ಬಲಗಣ್ಣು ಇನ್ನೂ ಸೂಜಿಗೆ ದಾರ ಪೋಣಿಸುತ್ತದೆ, ಆದ್ದರಿಂದ ನನ್ನ ಅಕ್ಷರ ವಕ್ರವಾಗಿದ್ದರೆ ಅದು ಕಣ್ಣಿನ ತಪ್ಪಲ್ಲ. ಬೆಳಿಗ್ಗೆಯಿಂದ ಮೂರು ಹಾಳೆ ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು.

ಫೋನಿನಲ್ಲಿ ಹೇಳುವುದನ್ನು ಬಿಟ್ಟು ಈ ಮುದುಕಿಗೆ ಕಾಗದದ ಹುಚ್ಚು ಯಾಕೆ ಅಂತ ಕೇಳುತ್ತೀಯ. ಚೌಡಣ್ಣನ ಅಂಗಡಿಯ ಫೋನು ನಿನಗೆ ಗೊತ್ತಲ್ಲ. ನಾನು ಒಂದು ಮಾತಾಡಿದರೆ ಬೀಡಿ ಕೊಳ್ಳಲು ಬಂದವರು, ಸೋಡಾ ಕುಡಿಯಲು ಬಂದವರು, ಬಸ್ಸಿಗೆ ಕಾಯುವವರು ಎಲ್ಲರೂ ಕಿವಿಯಾಗಿರುತ್ತಾರೆ. ಸೋಮವಾರ ನೀನು ಫೋನು ಮಾಡಿದಾಗ ಹಾಗೇ ಆಯಿತು. ‘ಅಜ್ಜಿ, ಭಾನುವಾರ ನಾನ ಗೋಲಿನಾಗ ನಿಲ್ಲಾಕತ್ತೀನಿ, ಜರ್ಮನಿಯವ್ರ ಎದುರಿಗೆ’ ಅಂದೆ. ನಾನು ಅದನ್ನು ಒಂದು ಸಲ ಬಾಯಿಬಿಟ್ಟು ಹೇಳಿದ್ದೇ ತಡ, ಚೌಡಣ್ಣ ಅಂಗಡಿಯಲ್ಲಿದ್ದವರಿಗೆಲ್ಲ ಪೆಪ್ಪರಮೆಂಟು ಹಂಚಿದ. ನಿಮ್ಮ ಕ್ಲಬ್ಬಿನ ಮೊದಲನೇ ಗೋಲಿಗೆ, ಅಂದರೆ ಗೋಲು ಕಾಯುವವನಿಗೆ, ಕಾಮಾಲೆಯಾಗಿದೆ, ಮೂರು ವರ್ಷ ಬೆಂಚಿನ ಮೇಲೆ ಕೂತಿದ್ದ ನಿನಗೆ ಈಗ ಪಾಳಿ ಬಂದಿದೆ, ಈ ನಾಲ್ಕು ಕ್ಲಬ್ಬುಗಳ ಪಂದ್ಯಾವಳಿಯಲ್ಲಿ ಚೆನ್ನಾಗಿ ನಿಂತರೆ ಈ ವರ್ಷದ ಪಟ್ಟಿಯಲ್ಲಿ ನಿನ್ನ ಹೆಸರು ಮೊದಲಿಗೆ ಬರುತ್ತದೆ ಅಂದೆ. ನಿನ್ನ ದನಿಯಲ್ಲಿ ಅಂಥ ಹಿಗ್ಗು ನಾನು ಎಂದೂ ಕೇಳಿರಲಿಲ್ಲ. ಆಗ ನಾನು ಎಡಗೈ ಹೇಗಿದೆ ಅಂತ ಕೇಳಿದೆ. ನೀನು ನಕ್ಕೆ. ‘ಬೆಳಿಗ್ಗಿ ಒಂದೀಟು ಬಿಗೀತೈತಿ, ಟೇಪ್ ಸುತ್ತಿಕೊಂಡ್ರ ಸರಿಹೋಗ್ತೈತಿ. ಇಲ್ಲಿ ಯಾರಿಗೂ ಹೇಳಿಲ್ಲ’ ಅಂದೆ. ಸುತ್ತ ನಿಂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ನಗುತ್ತಾ ಫೋನು ಇಟ್ಟೆ.

ನಿನ್ನ ಅಪ್ಪ ಫೋನಿಗೆ ಬರಲಿಲ್ಲ ಅಂತ ನೊಂದುಕೊಳ್ಳಬೇಡ. ಅವನಿಗೆ ನಿನ್ನ ಜೊತೆ ಮಾತಾಡಲು ಮೊದಲಿನಿಂದಲೂ ನಾಲಿಗೆ ತೊಡರುತ್ತದೆ. ಆದರೆ ಮಂಗಳವಾರ ಏನು ಮಾಡಿದ ಗೊತ್ತೇ? ಅಂದು ಪಂದ್ಯಾವಳಿಯ ಮೊದಲ ಆಟವನ್ನು ಕೇಬಲ್ಲಿನಲ್ಲಿ ತೋರಿಸುತ್ತಾರೆ ಅಂತ ಚೌಡಣ್ಣ ಟೀವಿಯನ್ನು ಅಂಗಡಿಯ ಕಟ್ಟೆಗೆ ತಂದಿಟ್ಟಿದ್ದ. ನಿನ್ನ ಅಪ್ಪ ಹಿಟ್ಟು ಮೆತ್ತಿದ ಮೈಯಲ್ಲೇ ಬಂದು, ಒಳಗೆ ಕೂಡದೆ, ರಸ್ತೆಯ ಆಚೆ ಬೇವಿನ ಮರದ ಹತ್ತಿರ ನಿಂತು ಜನರ ತಲೆಯ ಮೇಲಿಂದ ಪೂರಾ ನೋಡಿದ. ನೀನು ಆಡುವ ದಿನ ಅದಲ್ಲ ಅಂತ ಅವನಿಗೂ ಗೊತ್ತಿತ್ತು.

ನನಗೆ ಚೌಡಣ್ಣ ಕುರ್ಚಿ ಹಾಕಿಕೊಟ್ಟ. ಹುಟ್ಟಿದಾಗಿನಿಂದ ನಾನು ಪೂರಾ ನೋಡಿದ ಮೊದಲ ಫುಟ್‌ಬಾಲ್ ಅದು. ಜರ್ಮನಿಯ ಕ್ಲಬ್ಬು ಬಿಳಿ ಅಂಗಿ, ಕಲ್ಕತ್ತೆಯ ಕ್ಲಬ್ಬು ಕೆಂಪು ಅಂಗಿ, ಮಳೆ ಎಲ್ಲರಿಗೂ ಸಮ. ಇವರು ಇಷ್ಟು ದೂರ ಯಾಕೆ ಬಂದರು ಅಂತ ಕೇಳಿದೆ. ‘ಇದು ಸ್ನೇಹಕ್ಕ ಆಡೋ ಆಟ ಅಮ್ಮಾರ. ಅವ್ರ ದೇಶದಾಗ ನಿಜವಾದ ಆಟ ಶುರು ಆಗೋ ಮುಂಚೆ ಮೈ ಸಡ್ಲ ಮಾಡ್ಕಳ್ಳಾಕ ಬಂದಾರ’ ಅಂದ ಚೌಡಣ್ಣ. ನನಗೆ ಸಮಾಧಾನವಾಯಿತು. ಸ್ನೇಹಕ್ಕೆ ಆಡುವವರು ಮೆಲ್ಲಗೆ ಒದೆಯುತ್ತಾರೆ ಅಂದುಕೊಂಡೆ. ಅರ್ಧ ತಾಸೂ ಆಗಿರಲಿಲ್ಲ, ಆ ಬಿಳಿ ಅಂಗಿಯ ಒಂಬತ್ತನೇ ನಂಬರಿನವನು ಓಡಿಬಂದು ಒದ್ದ. ಚೆಂಡು ನೆನೆದು ಭಾರವಾಗಿತ್ತಂತೆ. ಕಲ್ಕತ್ತೆಯ ಗೋಲಿ ಅಂಗೈ ಒಡ್ಡಿದ, ಚೆಂಡು ನಿಂತಿತು, ಆದರೆ ಅವನು ಎದ್ದು ನಿಂತಾಗ ಕೈಯನ್ನು ಎದೆಗೆ ಅವಚಿಕೊಂಡಿದ್ದ. ಕಟ್ಟೆಯ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನಾನು ಚಪ್ಪಾಳೆ ಹೊಡೆಯಲಿಲ್ಲ ಮಗಾ. ಐವತ್ತು ವರ್ಷ ಎಲುಬು ಕಟ್ಟಿದವಳು ನಾನು, ಕೈಯನ್ನು ಹಾಗೆ ಅವಚಿಕೊಂಡು ನಮ್ಮ ಬಾಗಿಲಿಗೆ ಬಂದ ಎಷ್ಟು ಜನರನ್ನು ನೋಡಿಲ್ಲ. ಅವನನ್ನು ಹೊರಗೆ ಕರೆದುಕೊಂಡು ಹೋದರು, ಬೇರೆಯವನು ಬಂದು ನಿಂತ. ಆಟ ಮುಂದುವರಿಯಿತು. ಭಾನುವಾರ ಆ ಒಂಬತ್ತನೇ ನಂಬರಿನವನ ಎದುರಿಗೆ ನಿಲ್ಲುವವನು ನೀನು.

ಇಷ್ಟಕ್ಕೇ ಹೆದರಿದ್ದಾಳೆ ಅಂದುಕೊಳ್ಳಬೇಡ. ಹೆದರಿಕೆ ಹುಟ್ಟಿದ್ದು ಅದಕ್ಕಿಂತ ಎಂಟು ದಿನ ಮುಂಚೆ, ಹೊಸಪೇಟೆಯಲ್ಲಿ. ಕಾನಹೊಸಹಳ್ಳಿ ಕಡೆಯ ಕುರಿಗಾರ ದೊಡ್ಡಬೀರಪ್ಪ ನಿನಗೆ ನೆನಪಿರಬೇಕು, ನೀನು ಸಣ್ಣವನಿದ್ದಾಗ ನಿನಗೊಂದು ಕರಿ ಕಂಬಳಿ ತಂದುಕೊಟ್ಟಿದ್ದ. ಅವನ ಟಗರು ಹಟ್ಟಿಯಲ್ಲಿ ಮೊಮ್ಮಗಳ ಮೇಲೆ ಏರಿಬಂತಂತೆ. ಇವನು ನಡುವೆ ಹೋಗಿ ನಿಂತ. ‘ಅಂಗೈ ಒಡ್ಡಿ ತಡದೆ ಅವ್ವಾರ, ಅಷ್ಟ’ ಅಂದ. ಹೆಂಡತಿ ಜಂಬಕ್ಕ ಅವನನ್ನು ನಮ್ಮ ಕಟ್ಟೆಯ ಮೇಲೆ ತಂದು ಕೂರಿಸಿದಾಗ ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತ್ತು. ಮುಟ್ಟಿದೆ. ಒಳಗೆ ಚೂರುಗಳು ಆಡುತ್ತಿದ್ದವು. ಇದು ನನ್ನ ಬಿದಿರು ದಬ್ಬೆಗೆ ನಿಲ್ಲುವುದಿಲ್ಲ ಅಂತ ನಾನೇ ಅವರನ್ನು ಬಸ್ಸಿನಲ್ಲಿ ಹೊಸಪೇಟೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು, ನಾನು ಯಾರು ಅಂತ ಕೇಳಿ ತಿಳಿದುಕೊಂಡರು, ಬೈಯಲಿಲ್ಲ. ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ‘ನೋಡಿ ಅಮ್ಮಾ, ಈ ಕೈ ಮೊದಲೊಮ್ಮೆ ಮುರಿದು ಓರೆಯಾಗಿ ಕೂಡಿದೆ. ದಿನದ ಕೆಲಸಕ್ಕೆ ಏನೂ ಅಡ್ಡಿ ಇಲ್ಲ. ಅಂಗೈ ಮೇಲೆ ನೇರ ಪೆಟ್ಟು ಬಿದ್ದರೆ ಮಾತ್ರ ತಡೆಯೋದಿಲ್ಲ’ ಅಂದರು. ದೊಡ್ಡಬೀರಪ್ಪ ಹುಡುಗನಾಗಿದ್ದಾಗ ಬಿದ್ದಿದ್ದನಂತೆ, ಅಡವಿಯಲ್ಲಿ ಕುರಿಯ ಹಿಂದೆ ಇದ್ದುದರಿಂದ ಯಾರ ಹತ್ತಿರವೂ ಕಟ್ಟಿಸಿಕೊಳ್ಳದೆ ಅದು ತಾನೇ ಕೂಡಿಕೊಂಡಿತ್ತಂತೆ. ಈಗ ತಗಡು ಹಾಕಿ ಸ್ಕ್ರೂ ಬಿಗಿದಿದ್ದಾರೆ. ಇನ್ನು ಮುಂದೆ ಮುಷ್ಟಿ ಪೂರಾ ಮುಚ್ಚುವುದಿಲ್ಲ ಅಂತ ಹೇಳಿದ್ದಾರೆ. ಕುರಿಯ ಉಣ್ಣೆ ಕತ್ತರಿಸುವ ಕೈ ಅದು.

ನಾನು ಆ ಫಿಲ್ಮನ್ನು ಬಹಳ ಹೊತ್ತು ನೋಡಿದೆ. ಎಲುಬನ್ನು ಇಷ್ಟು ವರ್ಷ ಬೆರಳಿನಿಂದ ನೋಡಿದ್ದೆ, ಕಣ್ಣಿನಿಂದ ನೋಡಿರಲಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮುಂಗೈ ಶುರುವಾಗುವಲ್ಲಿ, ಒಂದು ಓರೆ. ಅದೇ ಓರೆ ನಿನ್ನ ಎಡಗೈಯಲ್ಲಿದೆ. ನಿನಗೆ ಎಣ್ಣೆ ಹಚ್ಚಿ ನೀರು ಹಾಕುವಾಗಲೆಲ್ಲ ನನ್ನ ಹೆಬ್ಬೆರಳು ಅಲ್ಲಿಗೆ ಹೋಗಿ ನಿಲ್ಲುತ್ತಿತ್ತು. ಹೊಸಪೇಟೆಯಿಂದ ಬಸ್ಸಿನಲ್ಲಿ ಬರುವಾಗ ನೀನು ಗೋಲಿಯಾಗಿದ್ದೀಯ ಅನ್ನುವ ಮಾತು ಮೊದಲ ಸಲ ನನ್ನ ತಲೆಗೆ ಸರಿಯಾಗಿ ಇಳಿಯಿತು. ಬಳ್ಳಾರಿಯ ಕ್ರೀಡಾ ಹಾಸ್ಟೆಲಿಗೆ ಸೇರಿದಾಗ ಉದ್ದ ಇದ್ದಾನೆ, ಅದಕ್ಕೆ ಕಂಬದ ನಡುವೆ ನಿಲ್ಲಿಸಿದ್ದಾರೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಕಂಬದ ನಡುವೆ ನಿಂತವನ ಕೆಲಸವೇ ಅಂಗೈ ಒಡ್ಡುವುದು ಅಂತ ಯೋಚನೆ ಮಾಡಿರಲಿಲ್ಲ. ಮೂರು ವರ್ಷ ನಿನ್ನನ್ನು ಬೆಂಚಿನ ಮೇಲೆ ಕೂರಿಸಿದ್ದಾರೆ ಅಂತ ನಿಮ್ಮ ತರಬೇತುದಾರನಿಗೆ ಶಾಪ ಹಾಕುತ್ತಿದ್ದೆ. ಆ ಮನುಷ್ಯ ತನಗೆ ಗೊತ್ತಿಲ್ಲದೆಯೇ ನಿನ್ನ ಕೈ ಕಾದಿದ್ದ.

ಆ ಕೈಯ ಕಥೆ ನಿನಗೆ ಗೊತ್ತಿರುವುದೇ. ಆಗ ನಿನಗೆ ಹನ್ನೊಂದು ವರ್ಷ. ಗಿರಣಿಯ ಮಾಳಿಗೆಯಿಂದ ಜಿಗಿದು ಎಡಗೈ ಊರಿದೆ. ನಾನೇ ಎಲುಬು ಕೂಡಿಸಿ, ಔಡಲೆಣ್ಣೆ ಹಚ್ಚಿ, ಉದ್ದಿನ ಹಿಟ್ಟಿನ ಪಟ್ಟಿ ಹಾಕಿ, ಬೆರಳಿನ ತುದಿಯವರೆಗೆ ದಬ್ಬೆ ಕಟ್ಟಿದೆ. ನಮ್ಮ ಮಾವನವರು ಕಲಿಸಿದ ಲೆಕ್ಕ, ಮಣಿಕಟ್ಟಿಗೆ ನಲವತ್ತು ದಿನ. ನಡುವೆ ಇಪ್ಪತ್ತಮೂರನೆಯ ದಿನ ಮಠದಲ್ಲಿ ಹುಡುಗರಿಗೆಲ್ಲ ಲಿಂಗದೀಕ್ಷೆ ಇತ್ತು, ಅಂದು ಬೆಳಿಗ್ಗೆ ಕಟ್ಟು ಬಿಚ್ಚಿ, ಸಂಜೆ ಮತ್ತೆ ಕಟ್ಟಿದೆ. ಅದಾಗಿ ನಾಲ್ಕು ದಿನಕ್ಕೆ ನೀನು ಕೆರೆಯ ಹತ್ತಿರ ಆಲದ ಬಿಳಲಿಗೆ ಜೋತುಬಿದ್ದು ಆಡುತ್ತಿದ್ದುದನ್ನು ಯಾರೋ ನೋಡಿ ಬಂದು ಹೇಳಿದರು. ನಿನ್ನ ಅಪ್ಪ ಗಿರಣಿಯ ಹಳೆ ಬೆಲ್ಟಿನ ತುಂಡು ತೆಗೆದುಕೊಂಡು ಹೋದ. ಹೊಡೆದು ಹೊಡೆದು, ಆ ಮೇಲೆ ತಾನೇ ನಿನ್ನನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿಸಿದ. ನಾನು ಒಲೆಯ ಮುಂದೆ ಕೂತಿದ್ದೆ. ನಲವತ್ತನೆಯ ದಿನ ಬಿಚ್ಚಿದಾಗ ಕೈ ಓರೆಯಾಗಿತ್ತು. ಹುಡುಗ ಬಿಳಲಿಗೆ ಜೋತುಬಿದ್ದು ಕೈ ಕೆಡಿಸಿಕೊಂಡ ಅಂತ ಅವತ್ತಿನಿಂದ ಮನೆಯಲ್ಲಿ, ಓಣಿಯಲ್ಲಿ, ಬಂಧುಬಳಗದಲ್ಲಿ ಒಂದೇ ಮಾತು. ನೀನೂ ಅದನ್ನೇ ಹೇಳುತ್ತೀಯ. ಬೆಳಿಗ್ಗೆ ನೋವಾದರೆ ಯಾರಿಗೂ ಹೇಳದೆ ಟೇಪ್ ಸುತ್ತಿಕೊಳ್ಳುವುದೂ ಅದಕ್ಕೇ ಇರಬೇಕು. ತಾನು ಮಾಡಿಕೊಂಡದ್ದು, ತಾನೇ ಅನುಭವಿಸಬೇಕು ಅಂತ.

ಮಂಗಳವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ತಟ್ಟೆಯ ಮುಂದೆ ಕೂತರೆ ಆ ಒಂಬತ್ತನೇ ನಂಬರಿನವನು ಓಡಿ ಬರುತ್ತಾನೆ. ಪೂಜೆಗೆ ಕೂತರೆ ಕಣ್ಣು ನನ್ನ ಅಂಗೈಯ ಮೇಲೆ ನಿಲ್ಲುತ್ತದೆ, ಮಂತ್ರ ಮರೆತುಹೋಗುತ್ತದೆ. ನಿನ್ನೆ ಹರಪನಹಳ್ಳಿಯ ಅರಸೀಕೆರೆಯಿಂದ ಒಬ್ಬ ಹೆಣ್ಣುಮಗಳು ಮೊಣಕೈ ಮುರಿದುಕೊಂಡು ಬಂದಳು, ನನ್ನ ಹೆಸರು ಕೇಳಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದವಳು. ಮುಟ್ಟಲು ಕೈ ಮುಂದೆ ಬರಲಿಲ್ಲ. ಆಸ್ಪತ್ರೆಗೆ ಹೋಗವ್ವ ಅಂದೆ. ನಿಮ್ಮನ್ನ ನಂಬಿ ಬಂದೀನಿ ಅಂದಳು. ನನಗೆ ಕಣ್ಣೀರು ಬಂತು, ಪಾಪ, ತನ್ನ ನೋವಿಗೆ ಅಳುತ್ತಿದ್ದೇನೆ ಅಂದುಕೊಂಡು ಅವಳೇ ನನ್ನನ್ನು ಸಮಾಧಾನ ಮಾಡಿದಳು. ನನಗೆ ಇಷ್ಟು ಭಯ ನಿನ್ನ ತಾತ ತೀರಿಕೊಂಡಾಗಲೂ ಆಗಿರಲಿಲ್ಲ. ಆದದ್ದಕ್ಕೆ ದುಃಖಪಡಬಹುದು. ಆಗಲಿರುವುದನ್ನು ಕುರ್ಚಿ ಹಾಕಿಕೊಂಡು ಟೀವಿಯಲ್ಲಿ ನೋಡುವುದು ಹೇಗೆ?

ಅದಕ್ಕೇ ಕೇಳುತ್ತೇನೆ, ಭಾನುವಾರ ನಿಲ್ಲಬೇಡ. ಏನು ಕೇಳುತ್ತಿದ್ದೇನೆ ಅಂತ ನನಗೆ ಗೊತ್ತಿದೆ. ಮೂರು ವರ್ಷ ಇನ್ನೊಬ್ಬರ ಆಟ ನೋಡುತ್ತಾ ಕೂತವನಿಗೆ ಬಂದ ಒಂದೇ ಪಾಳಿಯನ್ನು ಬಿಡು ಅನ್ನುತ್ತಿದ್ದೇನೆ. ನಿನ್ನ ಜಾಗಕ್ಕೆ ಇನ್ನೊಬ್ಬ ಬಂದು ನಿಂತರೆ ಅವನೇ ಉಳಿಯಬಹುದು, ನಿನ್ನನ್ನು ಊರಿಗೆ ಕಳಿಸಬಹುದು. ಕಳಿಸಲಿ. ಎರಡು ಕೈ ಇಟ್ಟುಕೊಂಡು ಬಾ. ಜ್ವರ ಬಂದಿದೆ ಅನ್ನು, ಅಜ್ಜಿಗೆ ಹುಷಾರಿಲ್ಲ ಅನ್ನು, ಬೇಕಾದರೆ ಸತ್ತಳು ಅನ್ನು, ನನಗೇನೂ ಬೇಸರವಿಲ್ಲ. ಸ್ನೇಹದ ಪಂದ್ಯ, ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲ ಅಂತ ಚೌಡಣ್ಣನೇ ಹೇಳಿದ್ದಾನೆ. ನನಗೆ ಇಷ್ಟು ಖಾತ್ರಿ ಹೇಗೆ ಅಂತ ನೀನು ಕೇಳಬಹುದು. ಬಂದಾಗ ಹೇಳುತ್ತೇನೆ.

ಅಂಚೆಗೆ ಹಾಕಿದರೆ ಇದು ಪಂದ್ಯ ಮುಗಿದ ಮೇಲೆ ತಲುಪುತ್ತದೆ. ಹುಲುಗಣ್ಣನ ಲಾರಿ ಇವತ್ತು ಹುಣಸೆಹಣ್ಣಿನ ಲೋಡು ತೆಗೆದುಕೊಂಡು ಹೊರಡುತ್ತದೆ, ಹುಬ್ಬಳ್ಳಿಯಲ್ಲಿ ಅರ್ಧ ಇಳಿಸಿ, ನಾಳೆ ಸಂಜೆಗೆ ಮಡಗಾವಿನಲ್ಲಿರುತ್ತೇನೆ ಅಂದಿದ್ದಾನೆ. ನಿಮ್ಮ ಮೈದಾನಕ್ಕೇ ಬಂದು ನಿನ್ನ ಕೈಗೇ ಕೊಡು ಅಂತ ಅವನ ಹತ್ತಿರ ಆಣೆ ಮಾಡಿಸಿಕೊಂಡಿದ್ದೇನೆ. ಚಟ್ನಿಪುಡಿಯ ಡಬ್ಬಿ, ಒಂದು ಸೀಸೆ ಔಡಲೆಣ್ಣೆ, ಸಜ್ಜೆ ರೊಟ್ಟಿ ಇಪ್ಪತ್ತು ಇವೆ. ನಿನ್ನ ಅವ್ವ ಎರಡು ಬನಿಯನ್ ಇಟ್ಟಿದ್ದಾಳೆ, ಮಳೆಯಲ್ಲಿ ಒದ್ದೆ ಬನಿಯನ್ ಹಾಕಿಕೊಂಡು ತಿರುಗಬೇಡ ಅನ್ನುತ್ತಾಳೆ. ಕೊಟ್ಟೂರೇಶ ನಿನ್ನ ಬೆನ್ನ ಹಿಂದೆ ಇರಲಿ, ನಿನ್ನ ಮುಂದೆಯೂ ಇರಲಿ. ನಿನ್ನ ಕೋಣೆಯ ಗೆಳೆಯರಿಗೂ ನನ್ನ ಆಶೀರ್ವಾದ ಹೇಳು.

ನಿನ್ನ ಅಜ್ಜಿ,
ನಾಗಲಿಂಗಮ್ಮ

ತಾ.ಕ.: ಅಂಟಿಸಿದ್ದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹುಲುಗಣ್ಣ ಎರಡು ಸಲ ಹಾರ್ನ್ ಹೊಡೆದ, ಹೊಡೆಯಲಿ. ಅಷ್ಟುದ್ದ ಬರೆದರೂ ಹೇಳಬೇಕಾದ್ದನ್ನು ಬರೆದಿಲ್ಲ. ನಿನ್ನ ಕೈ ಕೆಟ್ಟದ್ದು ಆಲದ ಬಿಳಲಿನಿಂದ ಅಲ್ಲ ಪ್ರವೀಣಾ. ದೀಕ್ಷೆಯ ದಿನ ಕೆಟ್ಟಿತು. ಕೆಡಿಸಿದವಳು ನಾನು. ಇಷ್ಟಲಿಂಗವನ್ನು ಎಡ ಅಂಗೈಯ ಮೇಲಿಟ್ಟು ಪೂಜೆ ಮಾಡಬೇಕು, ದಬ್ಬೆ ಬಿಚ್ಚದಿದ್ದರೆ ನಿನ್ನ ಅಂಗೈ ತೆರೆಯುತ್ತಿರಲಿಲ್ಲ. ಇನ್ನೂ ಹದಿನೇಳು ದಿನ ಬಾಕಿ ಇತ್ತು. ಹುಡುಗನ ಕೈ ಹೀಗಾಗಿದೆ ಅಂತ ಸ್ವಾಮಿಗಳಿಗೆ ಒಂದು ಮಾತು ಹೇಳಿದ್ದರೆ ಮುಂದಿನ ವರ್ಷ ಮಾಡೋಣ ಅನ್ನುತ್ತಿದ್ದರು. ಹೇಳಲಿಲ್ಲ. ಭಕ್ತಿಯಿಂದ ಹಾಗೆ ಮಾಡಿದೆ ಅಂದರೆ ಅರ್ಧ ಸುಳ್ಳಾಗುತ್ತದೆ. ಅಷ್ಟು ಹುಡುಗರ ಸಾಲಿನಲ್ಲಿ, ಎಲುಬು ಕಟ್ಟುವ ನಾಗಲಿಂಗಮ್ಮನ ಮೊಮ್ಮಗನ ಕೈಗೇ ಕಟ್ಟು ಇದೆ ಅಂತ ಜನ ನೋಡುವುದು ನನಗೆ ಬೇಡವಾಗಿತ್ತು. ನೀನು ಎರಡು ತಾಸು ಮಣಿಕಟ್ಟು ಹಿಂದಕ್ಕೆ ಬಾಗಿಸಿ, ಅಂಗೈ ಮೇಲೆ ಮಾಡಿ, ಅಲುಗಾಡದೆ ಕೂತಿದ್ದೆ. ನೋವಾಗುತ್ತದೆ ಅಂತ ಒಂದು ಸಲ ನನ್ನ ಕಡೆ ನೋಡಿದೆ, ನಾನು ಸುಮ್ಮನಿರು ಅಂತ ಕಣ್ಣಲ್ಲೇ ಹೇಳಿದೆ. ಸಂಜೆ ಮತ್ತೆ ಕಟ್ಟುವಾಗ ಎಲುಬು ಜರುಗಿದೆ ಅಂತ ನನ್ನ ಹೆಬ್ಬೆರಳಿಗೆ ಗೊತ್ತಾಯಿತು. ಆಗಲೇ ಬಿಚ್ಚಿ ಸರಿ ಮಾಡಬಹುದಿತ್ತು. ಮನೆ ತುಂಬ ನೆಂಟರಿದ್ದರು. ನಿನ್ನ ಅಪ್ಪ ಬೆಲ್ಟು ತೆಗೆದುಕೊಂಡು ಕೆರೆಯ ಕಡೆ ಹೋದಾಗ ನನಗೆ ಇದು ಗೊತ್ತಿತ್ತು. ಹನ್ನೆರಡು ವರ್ಷ ಗೊತ್ತಿತ್ತು. ಅಷ್ಟು ವರ್ಷ ನನ್ನ ತಪ್ಪನ್ನು ನಿನ್ನ ಮೇಲೆ ಹೊರಿಸಿ, ನಿನ್ನ ತಲೆಗೆ ಎಣ್ಣೆ ಹಚ್ಚಿದ್ದೇನೆ.

ಜ್ವರ ಅನ್ನು, ಸತ್ತಳು ಅನ್ನು ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕು. ನನ್ನ ಸುಳ್ಳಿನ ಮೇಲೆ ನಿನ್ನದೂ ಒಂದು ಬೇಡ. ನಿಮ್ಮ ಕ್ಲಬ್ಬಿನ ಡಾಕ್ಟರ ಮುಂದೆ ಟೇಪ್ ಬಿಚ್ಚು, ಫಿಲ್ಮ್ ತೆಗೆಸು, ನಮ್ಮ ಅಜ್ಜಿ ತಪ್ಪು ಕಟ್ಟಿದಳು ಅಂತ ಹೇಳು. ಅವರು ನಿಲ್ಲು ಅಂದರೆ ನಿಲ್ಲು, ಬೇಡ ಅಂದರೆ ಬೇಡ. ನಾನು ಇನ್ನು ಯಾರ ಎಲುಬನ್ನೂ ಮುಟ್ಟುವುದಿಲ್ಲ.

ಇಷ್ಟನ್ನು ಈಗಷ್ಟೇ ನಿನ್ನ ಅಪ್ಪನಿಗೂ ಹೇಳಿದೆ. ಕಾಗದ ಲಾರಿಗೆ ಕೊಟ್ಟು ಬರುತ್ತೇನೆ ಅಂತ ಕೈ ಚಾಚಿದ, ಕೊಡಲು ಆಗಲಿಲ್ಲ, ಹೇಳಿಬಿಟ್ಟೆ. ‘ಅವತ್ತ ಯಾಕ ಹೇಳಲಿಲ್ಲವ್ವಾ’ ಅಂತ ಒಂದೇ ಮಾತು ಕೇಳಿದ. ಹೋಗಿ ಗಿರಣಿ ನಿಲ್ಲಿಸಿದ. ಜೋಳ ತಂದವರು ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅವನು ಅಂಗಿ ಬದಲಿಸಿಕೊಂಡು ಹುಲುಗಣ್ಣನ ಪಕ್ಕ ಹತ್ತಿ ಕೂತಿದ್ದಾನೆ. ಆದ್ದರಿಂದ ಈ ಕಾಗದವನ್ನು ನಿನಗೆ ಕೊಟ್ಟವನು ಅವನೇ. ನೀನು ಇದನ್ನು ಓದುವಷ್ಟು ಹೊತ್ತೂ ಬೇರೆ ಎಲ್ಲೋ ನೋಡುತ್ತಾ ನಿಂತಿರುತ್ತಾನೆ. ತಪ್ಪಾಯಿತು ಅನ್ನಲು ಅವನಿಗೆ ಬರುವುದಿಲ್ಲ, ಅನ್ನಲಿ ಅಂತ ಕಾಯಬೇಡ. ಓದಿ ಮುಗಿಯಿತಲ್ಲ, ಕಾಗದ ಮಡಚಿ ಜೇಬಿಗಿಟ್ಟು, ನಿನ್ನ ಎಡಗೈಯನ್ನು ಅವನ ಕೈಗೆ ಕೊಡು.